ಓಬಳಮ್ಮನ ಮೊದಲ ತುತ್ತು

"ಆ ಹುಚ್ಚುಮುಂಡೇನ ಆಚೆಗೆ ಎಳ್ಕಂಬರ್ರೋ. ನಾನಿಲ್ಲಿ ನಿಂತಿರೋದು ನಿಮ್ಮ ಹೇಲಿನ ವಾಸ್ನೆ ಕುಡಿಯೋಕಲ್ಲ."

ಹೆಲ್ತ್ ಇನ್ಸ್‌ಪೆಕ್ಟರು ಹೀಗೆ ಕೂಗಿದಾಗ ನಾವು ಬೆಳಗಿನ ಕೆಲಸ ಮುಗಿಸಿ ಬಂದು, ಮಲದ ಬಕೆಟ್ಟುಗಳನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕುತ್ತಿದ್ದೆವು. ಅವರು ಮೋರಿಯ ಆಚೆ ದಡದಲ್ಲಿ ಸೈಕಲ್ಲು ಹಿಡಿದು ನಿಂತಿದ್ದರು. ಮೂಗಿಗೆ ಕರ್ಚೀಫು. ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಆದರೆ ಬೈಗುಳಕ್ಕೆ ಕರ್ಚೀಫು ಅಡ್ಡ ಬಂದಿರಲಿಲ್ಲ.

ಏಳನೇ ಮನೆಯ ಮಂಗಮ್ಮ ತಲೆ ಎತ್ತಲಿಲ್ಲ. ತಿಕ್ಕುತ್ತಲೇ ಅಂದಳು: "ನಮ್ದೊಂದೇ ಅಲ್ಲ ಸಾಮಿ. ನಿಮ್ಮನೆ ಹಿತ್ತಲಿಂದ್ಲೂ ಹೊತ್ಕಂಬಂದಿದ್ದೀನಿ. ಅದ್ರಾಗೆ ನಿಮ್ದ್ಯಾವ್ದು, ನಮ್ದ್ಯಾವ್ದು ನೀವೇ ಬಂದು ಆರಿಸ್ಕಳಿ."

ನಾವು ನಗಲಿಲ್ಲ. ನಗು ಬಂದಾಗ ಬಕೆಟ್ಟಿನೊಳಕ್ಕೆ ತಲೆ ಹಾಕಿ ತಿಕ್ಕುವುದು ನಮ್ಮ ಲೈನಿನಲ್ಲಿ ಎಲ್ಲರಿಗೂ ಅಭ್ಯಾಸವಾಗಿತ್ತು.

ಇನ್ಸ್‌ಪೆಕ್ಟರು ಆ ಮಾತು ಕೇಳದವರಂತೆ ಜೇಬಿನಿಂದ ಒಂದು ಹಾಳೆ ತೆಗೆದು ಓದಿದರು. ಪುರಸಭೆಯ ಜಾಡಮಾಲಿಗಳಿಗೆ ಕೊಟ್ಟಿರುವ ಎಂಟನೇ ನಂಬರಿನ ಮನೆಯಲ್ಲಿರುವ ಓಬಳಮ್ಮ ಎಂಬ ಹೆಂಗಸಿಗೆ ತಲೆ ಸರಿಯಿಲ್ಲ; ಕೆಲಸಕ್ಕೆ ಲಾಯಕ್ಕಲ್ಲದವರಿಗೆ ಮನೆಯೂ ಇಲ್ಲ; ಬರುವ ಸೋಮವಾರ ಎಂಟನೇ ನಂಬರಿಗೆ ಬೀಗ ಬೀಳುತ್ತದೆ. ಓದಿದ ಮೇಲೆ ಹಾಳೆಯನ್ನು ಮಡಚಿ ಮೋರಿಯ ಈಚೆಗೆ ಎಸೆದರು. ಕೈಗೆ ಕೊಡಬೇಕಾದರೆ ಮೋರಿ ದಾಟಬೇಕಲ್ಲ.

ಓಬಳಮ್ಮ ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಆವತ್ತು ಬೆಳಿಗ್ಗೆ ಅವಳೂ ನಮ್ಮ ಜೊತೆ ಕೆಲಸಕ್ಕೆ ಬಂದಿದ್ದಳು, ಎರಡು ಬೀದಿ ಕನ್ನಡಿ ಹಾಗೆ ಗುಡಿಸಿದ್ದಳು. ಕೇಳಿ ಎದ್ದು ಒಳಗೆ ಹೋದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದು ಕೇಳಿ ನಮ್ಮೆಲ್ಲರ ಕೈ ನಿಂತಿತು. ಏಕೆಂದರೆ ಓಬಳಮ್ಮ ಆ ಮನೆಗೆ ಬಂದಾಗಿನಿಂದ ಒಂದು ದಿನವೂ ಆ ಬಾಗಿಲು ಹಾಕಿದವಳಲ್ಲ.

ಚೀನಾದವರ ಜೊತೆ ಯುದ್ಧ ನಡೆದ ಮಾರನೇ ವರ್ಷದ ಮಾತು ಇದು. ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಇರುವ ಒಂದು ಪೇಟೆ. ರೇಷ್ಮೆಯಿಂದ ಬದುಕುವ ಊರು. ಊರಾಚೆ ಮೋರಿಯ ಪಕ್ಕದಲ್ಲಿ ನಮಗೆಂದು ಎಂಟು ಮನೆಗಳ ಒಂದು ಸಾಲು ಕಟ್ಟಿದ್ದರು. ಒಂದೊಂದು ಮನೆಗೆ ಒಂದು ಕೋಣೆ, ಅಕ್ಕಪಕ್ಕದವರ ನಡುವೆ ಒಂದೇ ಗೋಡೆ. ಕಟ್ಟಿದ ಕಂಟ್ರಾಕ್ಟುದಾರ ಚನ್ನಕೇಶವಯ್ಯ, ಆಮೇಲೆ ಪುರಸಭೆಗೆ ಕೌನ್ಸಿಲರೂ ಆದ. ಶುರುವಿನ ದಿನ ರಿಬ್ಬನ್ನು ಕತ್ತರಿಸಿ, ಭಾಷಣ ಮಾಡಿ, ಎಂಟು ಬಾಗಿಲಿಗೂ ಕುಂಕುಮ ಇಡಿಸಿದರು. ದೊಡ್ಡವರು ಯಾರೂ ಒಂದು ಹೊಸ್ತಿಲನ್ನೂ ದಾಟಲಿಲ್ಲ. ಮನೆ ಎಷ್ಟೇ ಹೊಸದಾಗಿದ್ದರೂ ಅದು ಮಾದಿಗರ ಮನೆ ಅಂತ ಅವರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು.

ಓಬಳಮ್ಮನದು ಕೊನೆಯ ಮನೆ. ಅದರ ಹಿಂದಿನ ಗೋಡೆಗೆ ಅಂಟಿಕೊಂಡೇ ಚನ್ನಕೇಶವಯ್ಯನ ರೇಷ್ಮೆ ಬಿಚ್ಚುವ ಶೆಡ್ಡು. ಗೂಡು ಬೇಯಿಸಲು ಅವನಿಗೆ ಸೌದೆ ಎಷ್ಟಿದ್ದರೂ ಸಾಲದು. ಇಡಲು ಜಾಗ ಎಷ್ಟಿದ್ದರೂ ಸಾಲದು. ಎಂಟನೇ ಮನೆ ಖಾಲಿಯಾದರೆ ಹಿಂದಿನ ಗೋಡೆ ಒಡೆದು ಸೌದೆ ಕೋಣೆ ಮಾಡಿಕೊಳ್ಳಬಹುದು. ಇದು ಹಾಳೆಯಲ್ಲಿ ಬರೆದಿರಲಿಲ್ಲ. ಶೆಡ್ಡಿನ ಹೆಂಗಸರು ಬಂದು ಹೇಳಿದ್ದರು.

ಓಬಳಮ್ಮನಿಗೆ ಕಾಯಿಲೆ ಇದ್ದದ್ದು ಸುಳ್ಳಲ್ಲ. ಗಂಡ ಸತ್ತ ಮೇಲೆ ಶುರುವಾಯಿತು ಅಂತ ಕೆಲವರು, ಅದಕ್ಕೂ ಮೊದಲೇ ಇತ್ತು ಅಂತ ಕೆಲವರು. ಕೆಲವು ದಿನ ಅವಳ ಕಿವಿಗೆ ನಮಗೆ ಕೇಳದ ಮಾತು ಕೇಳುತ್ತಿತ್ತು. "ಒಸ್ತಾಂಡಾರು, ಒಸ್ತಾಂಡಾರು" ಅನ್ನುವಳು. ತೆಲುಗಿನಲ್ಲಿ, ಬರ್ತಾ ಇದ್ದಾರೆ ಅಂತ. ಯಾರು ಅಂತ ಕೇಳಿದರೆ ನಮ್ಮನ್ನೇ ದಡ್ಡರು ಅನ್ನುವ ಹಾಗೆ ನೋಡುವಳು. ಅವಳ ತಮ್ಮ ಹಳ್ಳಿಯಲ್ಲಿ ಅವಳನ್ನು ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕದ ಮುಚ್ಚಿಟ್ಟಿದ್ದನಂತೆ. ತನ್ನ ಮನೆಯ ಬಾಗಿಲನ್ನು ಅವಳು ಎಂದೂ ಹಾಕದೆ ಇದ್ದದ್ದು ಅದಕ್ಕೇ. ಆಮೇಲೆ ಅದೇ ತಮ್ಮ ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿದ್ದ. ಅಲ್ಲಿ ಇದ್ದಷ್ಟು ದಿನ ಚೆನ್ನಾಗಿದ್ದೆ ಅಂತ ಅವಳೇ ಹೇಳುತ್ತಿದ್ದಳು. ಅಲ್ಲಿ ಯಾರೂ ಏನೂ ಕೇಳ್ತಿರಲಿಲ್ಲ, ಎಲ್ಲರೂ ನನ್ನಂಗೇ ಇದ್ರು ಅಂತ.

ನಮ್ಮ ಲೈನಿಗೆ ಅವಳ ಜೊತೆ ಬದುಕುವುದು ರೂಢಿಯಾಗಿತ್ತು. ಕೆಟ್ಟ ದಿನ ಬಂದರೆ ಅವಳ ಬೀದಿಯನ್ನು ಹಂಚಿಕೊಂಡು ಗುಡಿಸುವುದು, ಅವಳ ಪಾಲಿನ ಮನೆಗಳ ಬಕೆಟ್ಟನ್ನು ಸರದಿಯ ಮೇಲೆ ಹೊರುವುದು. ಮೇಸ್ತ್ರಿ ವೆಂಕಟರಾಯಪ್ಪನಿಗೆ ಇದು ಗೊತ್ತಿತ್ತು. ಅವನ ಮನೆ ಮುಂದಿನ ಮೋರಿಯನ್ನು ನಾವು ಎಲ್ಲರಿಗಿಂತ ಮೊದಲು ಬಾಚುತ್ತಿದ್ದೆವು; ಹಾಗಾಗಿ ಹಾಜರಿ ಕೂಗುವಾಗ ಓಬಳಮ್ಮನ ಹೆಸರು ಬಂದರೆ ಅವನು ಮರದ ಮೇಲಿನ ಕಾಗೆ ನೋಡುತ್ತಿದ್ದ.

ಕಷ್ಟದ ಸಂಗತಿ ಅಂದರೆ ಊಟ. ಯಾರೋ ವಿಷ ಹಾಕಿದ್ದಾರೆ ಅನ್ನುವುದು ಅವಳ ಭಯ. ಯಾರು ಅನ್ನ ತಂದರೂ, ತಂದವರು ಅವಳ ಎದುರು ಕೂತು, ಅವಳ ಕೈಯಿಂದಲೇ ಒಂದು ತುತ್ತು ತಿನ್ನಬೇಕು. ನುಂಗಿದ್ದನ್ನು ಗಂಟಲು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಅವಳು ಎರಡನೇ ತುತ್ತು ತಿನ್ನುವಳು. ಹೀಗಾಗಿ ದಿನಕ್ಕೆ ಒಂದು ಮನೆಯಿಂದ ಒಬ್ಬರು ಹೋಗಿ ಮೊದಲ ತುತ್ತು ತಿಂದು ಬರುತ್ತಿದ್ದೆವು. ಮಸ್ಸೊಪ್ಪು ಮುದ್ದೆಯ ದಿನ ಹೋಗಲು ಜಗಳವೇ ಆಗುತ್ತಿತ್ತು. ಸರ್ಕಾರಿ ಡಾಕ್ಟರು ನಿದ್ದೆಗೆಂದು ಒಂದು ಕೆಂಪು ಔಷಧಿ ಕೊಟ್ಟಾಗಲೂ ಅದೇ ಕಾನೂನು. ಒಂದನೇ ಮನೆಯ ಆವುಲಪ್ಪ, ನಮ್ಮಲ್ಲೆಲ್ಲ ಹಿರಿಯ, ನಾನು ಕುಡೀತೀನಿ ಬಿಡ್ರೋ ಅಂತ ಧಾರಾಳವಾಗಿ ಒಂದು ಗುಟುಕು ಕುಡಿದ. ಮಾರನೇ ಮಧ್ಯಾಹ್ನದವರೆಗೆ ಏಳಲಿಲ್ಲ. ಆವತ್ತು ಅವನ ಬೀದಿಯನ್ನೂ ಗುಡಿಸಿ ಬಂದವಳು ಓಬಳಮ್ಮ.

ಇಂಥವಳು ಈಗ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು.

ಆವತ್ತೇ ನಾವು ಚನ್ನಕೇಶವಯ್ಯನ ಹತ್ತಿರ ಹೋದೆವು. ಆವುಲಪ್ಪ, ಮಂಗಮ್ಮ, ಮತ್ತೆ ನಾಲ್ಕನೇ ಮನೆಯ ಕೋನಪ್ಪ ಅಂದರೆ ನಾನು. ಶೆಡ್ಡಿನ ಹೊರಗೆ ಬೇಯಿಸಿ ತೆಗೆದ ರೇಷ್ಮೆಹುಳುಗಳ ಗುಡ್ಡೆ ಬಿದ್ದಿತ್ತು. ಅದರ ನಾತಕ್ಕೆ ಕಾಗೆಗಳೂ ಯೋಚನೆ ಮಾಡಿ ಇಳಿಯುತ್ತಿದ್ದವು. ನಮ್ಮನ್ನು ಅದರ ಪಕ್ಕ ಬಿಸಿಲಿನಲ್ಲಿ ನಿಲ್ಲಿಸಿ ಅವನು ಒಳಗೆ ಕಾಫಿ ಕುಡಿದ. ಕುಡಿದು ಬಂದ.

ಆವುಲಪ್ಪ ಸೊಂಟ ಬಗ್ಗಿಸಿ ವಿಷಯ ಹೇಳಿದ. ಅವಳ ಕೆಲಸ ನಾವು ಮಾಡ್ತೀವಿ, ಊರಿನ ಕೆಲಸ ಒಂದು ದಿನವೂ ನಿಂತಿಲ್ಲ, ಆ ಹೆಂಗಸಿಗೆ ಆ ಸೂರೊಂದೇ ದಿಕ್ಕು, ಹೊರಗೆ ಹಾಕಿದರೆ ತಮ್ಮ ಬಂದು ಮತ್ತೆ ಸರಪಳಿ ಹಾಕ್ತಾನೆ ಅಂತ.

"ಹುಚ್ಚರಿಗೆ ಮನೆ ಯಾಕಲಾ?" ಅಂದ ಚನ್ನಕೇಶವಯ್ಯ. "ಮರ ಇಲ್ವಾ ಊರಾಗೆ? ಹುಣಸೆ ಮರಕ್ಕೆ ಕಟ್ರಿ. ನೆರಳೂ ಆಯ್ತು, ಗಾಳಿನೂ ಆಯ್ತು. ಮಾದಿಗ್ ನನ್ಮಕ್ಳಿಗೆ ಸರ್ಕಾರ ಇಟ್ಟಿಗೆ ಮನೆ ಕೊಟ್ಟಿದ್ದೇ ತಪ್ಪು."

ಆಮೇಲೆ ಹುಳುವಿನ ಗುಡ್ಡೆಯನ್ನು ಗದ್ದದಲ್ಲೇ ತೋರಿಸಿ, ಹೆಂಗಿದ್ರೂ ಬಂದಿದ್ದೀರಿ, ಇದನ್ನ ತಿಪ್ಪೆಗೆ ಸಾಗಿಸಿ ಹೋಗಿ ಅಂದ. ಆವುಲಪ್ಪನಿಗೆ ಅರವತ್ತು ದಾಟಿತ್ತು. ಬುಟ್ಟಿಗೆ ಬಗ್ಗಿದ. ನಾವೂ ಬಗ್ಗಿದೆವು. ಗುಡ್ಡೆ ಮುಗಿಯುವ ಹೊತ್ತಿಗೆ ಚನ್ನಕೇಶವಯ್ಯ ಊಟಕ್ಕೆ ಎದ್ದು ಹೋಗಿದ್ದ. ಬರುವಾಗ ದಾರಿಯುದ್ದಕ್ಕೂ ಮಂಗಮ್ಮ ಅವನ ಅಮ್ಮ, ಅಜ್ಜಿ, ಮುತ್ತಜ್ಜಿ ಎಲ್ಲರನ್ನೂ ಒಂದು ಸುತ್ತು ವಿಚಾರಿಸಿಕೊಂಡಳು. ಆವುಲಪ್ಪ ಮಾತ್ರ ಕೈ ಮೂಸಿ ನೋಡಿಕೊಳ್ಳುತ್ತಾ ನಡೆದ.

ಓಬಳಮ್ಮ ಆವತ್ತು ಬಾಗಿಲು ತೆಗೆಯಲಿಲ್ಲ. ಮಾರನೇ ದಿನವೂ ತೆಗೆಯಲಿಲ್ಲ. ಬಾಗಿಲ ಹತ್ತಿರ ಯಾರು ಹೋದರೂ ಒಳಗಿನಿಂದ "ಒಸ್ತಾಂಡಾರು" ಅನ್ನುವ ದನಿ. ನಾನು ಕೋನಪ್ಪ ಕಣಕ್ಕ ಅಂದರೆ, ಕೋನಪ್ಪನ ದನಿ ಕದ್ಕೊಂಡು ಬಂದಿದ್ದೀಯ ಹೋಗು ಅನ್ನುವಳು. ಆವುಲಪ್ಪ ಬಾಗಿಲು ಮುರಿಯೋಣ ಅಂದ. ಮಂಗಮ್ಮ ಅವನ ಮೇಲೆ ಹಾರಿ ಬಿದ್ದಳು. ಬಾಗಿಲು ಮುರಿದು ಬರೋರು ಪೊಲೀಸ್ನೋರು, ನಾವೂ ಹಂಗೇ ಹೋದ್ರೆ ಅವಳು ಹೇಳಿದ್ದೇ ನಿಜ ಆಯ್ತಲ್ಲ ಅಂತ.

ಇಷ್ಟು ಹೇಳಿ ಅವಳು ತನ್ನ ಮನೆಯೊಳಕ್ಕೆ ಹೋಗಿ, ಮೋರಿಯ ಚಪ್ಪಡಿ ಮೀಟುವ ಹಾರೆ ತಗೊಂಡು, ಎರಡೂ ಮನೆಗಳ ನಡುವಿನ ಗೋಡೆಯ ಮುಂದೆ ಕೂತಳು. ನೆಲದಿಂದ ಮೊಳದೆತ್ತರದಲ್ಲಿ ಒಂದು ಇಟ್ಟಿಗೆಯ ಸಂದಿಗೆ ಹಾರೆ ಇಟ್ಟು ಮೀಟಿದಳು. ಇಟ್ಟಿಗೆ ಹಲ್ಲು ಬಿದ್ದ ಹಾಗೆ ಬಿದ್ದು ಹೋಯಿತು.

ನಾವು ಬೆರಗಾದೆವು. ಇಟ್ಟಿಗೆ ನಡುವೆ ಗಾರೆಯೂ ಇಲ್ಲ, ಸಿಮೆಂಟೂ ಇಲ್ಲ. ಬರೀ ಕೆರೆ ಮಣ್ಣು. ಇಷ್ಟು ವರ್ಷ ಆ ಗೋಡೆಗಳನ್ನು ನಿಲ್ಲಿಸಿದ್ದು ನಾವು ಬಳಿದ ಸುಣ್ಣ ಮತ್ತು ನಮ್ಮ ನಂಬಿಕೆ.

"ಸಿಮೆಂಟೆಲ್ಲ ಎಲ್ಲಿ ಹೋಯ್ತಪ್ಪ?" ಅಂದ ಆವುಲಪ್ಪ.

"ಎಲ್ಲಿ ಹೋಗ್ತದೆ? ಶೆಡ್ಡಾಗಿ ನಿಂತೈತೆ ಹಿಂದೆ," ಅಂದಳು ಮಂಗಮ್ಮ.

ಮೂರು ಇಟ್ಟಿಗೆ ತೆಗೆದು, ತಟ್ಟೆಯನ್ನು ತೂತಿನಿಂದ ಆಚೆಗೆ ಇಳಿಸಿ, ಅವಳು ಮಂಡಿಯೂರಿ ಬಗ್ಗಿ ತನ್ನ ಮುಖವನ್ನು ತೂತಿಗೆ ಕೊಟ್ಟಳು. ಆಚೆ ಕತ್ತಲೆಯಲ್ಲಿ ಓಬಳಮ್ಮ ಮೂಲೆಯಲ್ಲಿ ಮುದುರಿ ಕೂತಿದ್ದಳು. ಬಾಗಿಲಿನ ಮೇಲೆಯೇ ಕಣ್ಣು. ಗೋಡೆಯಿಂದ ಯಾರಾದರೂ ಬರಬಹುದು ಅಂತ ಅವಳ ಕಿವಿಯಲ್ಲಿ ಮಾತಾಡುವವರು ಹೇಳಿರಲಿಲ್ಲ. ಮಂಗಮ್ಮ ಬಾಯಿ ತೆರೆದುಕೊಂಡು ಕಾದಳು. ಬಹಳ ಹೊತ್ತು ಕಾದಳು. ನೊಣ ಬಂದು ಕೂತರೂ ಬಾಯಿ ಮುಚ್ಚಲಿಲ್ಲ. ಕೊನೆಗೆ ಓಬಳಮ್ಮ ತೆವಳಿ ಬಂದು, ಮುದ್ದೆ ಮುರಿದು, ಸೊಪ್ಪಿನಲ್ಲಿ ಅದ್ದಿ ಅವಳ ಬಾಯಿಗೆ ಇಟ್ಟಳು. ಗಂಟಲು ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡು ಪೂರ್ತಿ ಉಂಡಳು.

ರಾತ್ರಿ ಊಟದ ಹೊತ್ತಿಗೆ ತೂತು ದೊಡ್ಡದಾಯಿತು. ಬೆಳಿಗ್ಗೆ ಓಬಳಮ್ಮ ಅದರೊಳಗಿಂದ ನುಸುಳಿ ಮಂಗಮ್ಮನ ಮನೆಯಲ್ಲಿ ಒಲೆ ಮುಂದೆ ಕೂತಿದ್ದಳು. ತನ್ನ ಮನೆ ಬಾಗಿಲ ಅಗುಳಿಯನ್ನೂ ಅವಳೇ ತೆಗೆದಿದ್ದಳು. ತೂತು ಇರುವವರೆಗೆ ಬಾಗಿಲ ಚಿಂತೆ ಅವಳಿಗೆ ಇರಲಿಲ್ಲ.

ನಿಜ ಹೇಳಬೇಕೆಂದರೆ ಮುಂದಿನದನ್ನು ನಾವು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಓಬಳಮ್ಮನಿಗೆ ಮಂಗಮ್ಮನ ಮನೆಯಾಚೆಗೂ ಹೋಗಬೇಕು ಅನ್ನಿಸಿತು. ಅವಳೇ ಹಾರೆ ಎತ್ತಿಕೊಂಡು ಆರನೇ ಮನೆಯ ಗೋಡೆಗೆ ಇಟ್ಟಳು. ಆರನೆಯವರು ತಡೆಯಲಿಲ್ಲ, ಆಚೆಯಿಂದ ಅವರೂ ಒಂದು ಹಾರೆ ಹಾಕಿದರು. ನನ್ನ ಮನೆಯ ಗೋಡೆ ಬಿದ್ದಾಗ ನನ್ನ ಹೆಂಡತಿ ಅಶ್ವತ್ಥಮ್ಮ ಗೊಣಗಿದಳು, ಮಡಕೆ ಇಡೋ ಗೂಡು ಹೋಯ್ತಲ್ಲ ಅಂತ. ಆಮೇಲೆ ಬಗ್ಗಿ ಸಾಲು ಸಾಲಾಗಿ ಕಾಣುವ ತೂತುಗಳನ್ನು ನೋಡಿ, ಊರಾಗಿನ ಗೌಡ್ರ ಮನೆ ಹಿಂಗೇ ಇರ್ತದಂತೆ ಅಲ್ವಾ, ಒಂದು ತೊಟ್ಟಿಯಿಂದ ಇನ್ನೊಂದು ತೊಟ್ಟಿಗೆ ಅಂದಳು. ಭಾನುವಾರ ಸಂಜೆ ಒಂದನೇ ಮನೆಯ ಗೋಡೆಯನ್ನು ಆವುಲಪ್ಪ ತಾನೇ ಒಡೆದ. ಇಷ್ಟು ದಿನ ಸುತ್ತಾಕ್ಕೊಂಡು ಬರ್ತಿದ್ನಲ್ಲ ದಡ್ಡ ಅಂತ ತನ್ನನ್ನೇ ಬೈದುಕೊಂಡ. ಎಂಟು ಬಾಗಿಲು, ಒಂದೇ ಮನೆ.

ಸೋಮವಾರ ಅವರು ಬಂದರು. ಇನ್ಸ್‌ಪೆಕ್ಟರು, ಮೇಸ್ತ್ರಿ, ಒಬ್ಬ ಕಾನ್‌ಸ್ಟೇಬಲ್ಲು, ಕೊಡೆ ಹಿಡಿದುಕೊಂಡು ಚನ್ನಕೇಶವಯ್ಯ. ಎಂಟನೇ ಬಾಗಿಲು ತೆರೆದೇ ಇತ್ತು. ಹೊರಗಿನಿಂದ ಇಣುಕಿದರು. ಒಂದು ಚಾಪೆ, ಒಂದು ಮಡಕೆ. ಕತ್ತಲೆಯ ಮೂಲೆಯಲ್ಲಿ ಗೋಡೆಗೆ ಗೋಣಿ ತಾಟು ನೇತು ಹಾಕಿತ್ತು. ಜನ ಇಲ್ಲ. ಚನ್ನಕೇಶವಯ್ಯನ ಮುಖ ಅರಳಿತು. ಬೀಗ ಹಾಕಿದರು, ಬೀಗದ ಬಾಯಿಗೆ ಅರಗು ಒತ್ತಿದರು. ನಾವು ಕೈಕಟ್ಟಿ ನಿಂತು ನೋಡಿದೆವು.

ಆಗ ಸಾಲಿನ ಆ ತುದಿಯಲ್ಲಿ, ಒಂದನೇ ಬಾಗಿಲಿನಿಂದ ಓಬಳಮ್ಮ ತಲೆ ಹೊರಗೆ ಹಾಕಿದಳು. ಆವತ್ತು ಅವಳಿಗೆ ಒಳ್ಳೆಯ ದಿನ. ಮಂಗಮ್ಮ ತಲೆ ಬಾಚಿ ಹೂ ಮುಡಿಸಿದ್ದಳು.

"ಯಾರ ಮನೆಗಣ್ಣ ಬೀಗ ಹಾಕ್ತೀರಿ?" ಅಂತ ವಿಚಾರಿಸಿದಳು.

ಎಲ್ಲರೂ ಆ ಕಡೆ ಓಡಿದರು. ಅವರು ಒಂದನೇ ಬಾಗಿಲಿಗೆ ಬರುವ ಹೊತ್ತಿಗೆ ಓಬಳಮ್ಮ ಐದನೇ ಬಾಗಿಲಲ್ಲಿ ನಿಂತು ಇವರು ಓಡುವುದನ್ನು ನೋಡುತ್ತಿದ್ದಳು. ಐದಕ್ಕೆ ಬಂದರೆ ಮೂರರಲ್ಲಿ. ಒಳಗೆ ಹೋಗಿ ಹಿಡ್ಕಂಬಾ ಅಂತ ಇನ್ಸ್‌ಪೆಕ್ಟರು ಕಾನ್‌ಸ್ಟೇಬಲ್ಲಿಗೆ ಹೇಳಿದರು. ಅವನು ಹೊಸ್ತಿಲ ಮೇಲೆ ಬೂಟು ಇಟ್ಟ, ತೆಗೆದ.

"ನೀವ್ ಮುಂದೆ ಹೋಗಿ ಸಾರ್, ಹಿಂದೆ ಬರ್ತೀನಿ," ಅಂದ. "ನಾಳೆ ನಮ್ಮಪ್ಪನ ತಿಥಿ ಐತೆ."

ಇನ್ಸ್‌ಪೆಕ್ಟರು ಚನ್ನಕೇಶವಯ್ಯನ ಮುಖ ನೋಡಿದರು. ಚನ್ನಕೇಶವಯ್ಯ ಕೊಡೆಯ ತುದಿ ನೋಡಿದ. ನಮ್ಮ ಹೊಸ್ತಿಲು ಗೇಣುದ್ದ ಎತ್ತರವಿಲ್ಲ. ಅದನ್ನು ದಾಟುವ ಗಂಡಸು ಅಲ್ಲಿ ಇರಲಿಲ್ಲ.

ಆವುಲಪ್ಪ ಮುಂದೆ ಬಂದು, ತಾವು ಎಂಟನೇ ನಂಬರಿಗೆ ಬೀಗ ಹಾಕ್ತೀವಿ ಅಂದಿರಿ, ಹಾಕಾಯ್ತು, ನಮ್ಮ ಮನೆಗೆ ನೆಂಟರು ಬಂದರೆ ಅದಕ್ಕೆ ತಾವ್ಯಾಕೆ ದಣಿಯಬೇಕು ಅಂತ ಬಹಳ ವಿನಯದಿಂದ ಕೇಳಿದ. ಚನ್ನಕೇಶವಯ್ಯ ಎಂಟಕ್ಕೂ ಬೀಗ ಜಡೀರಿ, ಈ ಸೂಳೆಮಕ್ಳೆಲ್ಲ ಬೀದಿಗೆ ಬೀಳ್ಲಿ ಅಂತ ಕಿರುಚಿದ. ಮೇಸ್ತ್ರಿ ವೆಂಕಟರಾಯಪ್ಪ ಇನ್ಸ್‌ಪೆಕ್ಟರ ಕಿವಿಯ ಹತ್ತಿರ ಬಗ್ಗಿದ, ಆದರೆ ಮಾತು ನಮಗೂ ಕೇಳುವ ಹಾಗೇ ಆಡಿದ.

"ಜಡಿಯೋದೇನು ಜಡೀಬೋದು ಸಾರ್. ನಾಳೆ ಬೆಳಿಗ್ಗೆ ಊರಿನ ಕಕ್ಕಸು ನೀವು ಹೊರ್ತೀರೋ, ನಾನೋ?"

ಇನ್ಸ್‌ಪೆಕ್ಟರು ಕರ್ಚೀಫನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಸೈಕಲ್ಲು ಹತ್ತಿದರು.

ಚನ್ನಕೇಶವಯ್ಯ ಸೋಲುವವನಲ್ಲ. ಮುಂದಿನ ಬಾಗಿಲಿಗೆ ಬೀಗ ಬಿದ್ದಿದೆ, ಕಾಗದದ ಮೇಲೆ ಮನೆ ಖಾಲಿ. ಹಿಂದಿನಿಂದ ಗೋಡೆ ಒಡೆದು ಸೌದೆ ತುಂಬಿಬಿಟ್ಟರೆ ಯಾರು ಕೇಳುತ್ತಾರೆ? ಅದೇ ವಾರ ಒಂದು ಮಧ್ಯಾಹ್ನ ಕಲ್ಲುಗೆಲಸದ ಎರ್ರಪ್ಪನನ್ನು ಕರೆಸಿದ. ಎರ್ರಪ್ಪ ನಮ್ಮವನಲ್ಲ. ಒಳ್ಳೆಯವನೇ, ಆದರೆ ನಮ್ಮ ಮನೆಯ ನೀರು ಮುಟ್ಟದವನು.

ಓಬಳಮ್ಮ ಎಂಟನೇ ಮನೆಯಲ್ಲೇ ಇದ್ದಳು, ಎಂದಿನ ಹಾಗೆ. ಮಂಗಮ್ಮ ತೂತಿನಿಂದ ತಟ್ಟೆ ತಂದು ಆಗಷ್ಟೇ ಅವಳ ಮುಂದೆ ಇಟ್ಟಿದ್ದಳು. ನಾನೂ ಜೊತೆಗೆ ಬಂದಿದ್ದೆ. ಹಿಂದಿನ ಗೋಡೆಗೆ ಹಾರೆ ಬಿದ್ದ ಸದ್ದಿಗೆ ನಾವಿಬ್ಬರೂ ಗಾಬರಿಯಾಗಿ ಎದ್ದೆವು. ಓಬಳಮ್ಮ ಏಳಲಿಲ್ಲ. ಗೋಡೆಯ ಕಡೆ ತಿರುಗಿ ಕೂತಳು. ಇಟ್ಟಿಗೆಗಳು ಒಳಕ್ಕೆ ಉದುರಿದವು. ಬೆಳಕು ಬಂತು, ಬೆಂದ ಗೂಡಿನ ಹಬೆ ಬಂತು, ಆಮೇಲೆ ಚನ್ನಕೇಶವಯ್ಯನ ಮುಖ ಬಂತು, ಒಳಗೆ ಜಾಗ ಎಷ್ಟಿದೆ ಅಂತ ನೋಡಲು.

ಓಬಳಮ್ಮನ ಪ್ರಪಂಚದಲ್ಲಿ ಗೋಡೆಯ ತೂತಿನಿಂದ ಇಣುಕುವವರಿಗೆ ಒಂದೇ ಅರ್ಥ ಇತ್ತು. ಅವಳು ಮುದ್ದೆ ಮುರಿದು, ಸೊಪ್ಪಿನಲ್ಲಿ ಚೆನ್ನಾಗಿ ಅದ್ದಿ, ಕೈಯನ್ನು ತೂತಿನಿಂದ ಆಚೆಗೆ ಚಾಚಿದಳು.

"ತಿನ್ನಣ್ಣ," ಅಂದಳು. "ನೀನು ತಿಂದ್ರೆ ನಾನೂ ತಿಂತೀನಿ."

ಶೆಡ್ಡಿನಲ್ಲಿ ಚರಕಗಳು ಒಂದೊಂದಾಗಿ ನಿಂತವು. ಬಿಸಿನೀರಲ್ಲಿ ಬೆಂದ ಬೆರಳಿನ ಹೆಂಗಸರು ಎದ್ದು ನಿಂತು ನೋಡಿದರು. ಕೈಯಿಂದ ಸೊಪ್ಪಿನ ರಸ ಚನ್ನಕೇಶವಯ್ಯನ ಬಿಳಿ ಪಂಚೆಯ ಮೇಲೆ ತೊಟ್ಟಿಕ್ಕಿತು. ಅವನು ಹಿಂದಕ್ಕೆ ಹಾರಿದ. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು; ಆಮೇಲೆ ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು.

"ಮುಚ್ಚೋ," ಅಂದ ಅವನು ಎರ್ರಪ್ಪನಿಗೆ. "ಈಗ್ಲೇ ಮುಚ್ಚು. ಸಿಮೆಂಟ್ ಹಾಕಿ ಮುಚ್ಚು."

ಅಂದವನೇ ಸ್ನಾನಕ್ಕೆ ಓಡಿದ.

ಎರ್ರಪ್ಪ ಸಿಮೆಂಟು ಕಲಸಿಕೊಂಡು ಬಂದು ಕೆಳಗಿನಿಂದ ಇಟ್ಟಿಗೆ ಇಡುತ್ತಾ ಬಂದ. ಓಬಳಮ್ಮನ ಕೈ ಹಾಗೇ ಇತ್ತು. ಮಂಗಮ್ಮ ಎಳೆದಳು, ಅವಳು ಬಿಡಲಿಲ್ಲ. ಯಾರೂ ತಿನ್ನದೆ ಅವಳು ತಿನ್ನುವ ಹಾಗಿಲ್ಲ. ಸುತ್ತ ಇಟ್ಟಿಗೆ ಏರುತ್ತಾ ಏರುತ್ತಾ ಕೊನೆಗೆ ಒಂದು ಇಟ್ಟಿಗೆಯ ಜಾಗ ಉಳಿಯಿತು. ಆ ಜಾಗದಲ್ಲಿ ಅವಳ ಕೈ, ಕೈಯಲ್ಲಿ ಒಣಗುತ್ತಿರುವ ತುತ್ತು.

"ಕೈ ತೆಗಿಯಮ್ಮ," ಅಂದ ಎರ್ರಪ್ಪ. ಕೈ ಅಲ್ಲಾಡಲಿಲ್ಲ.

ಒಳಗಿನಿಂದ ನಮಗೆ ಅವನ ಮುಖದ ಒಂದು ತುಂಡು ಮಾತ್ರ ಕಾಣುತ್ತಿತ್ತು. ಅವನು ಆಚೆ ನೋಡಿದ. ಈಚೆ ನೋಡಿದ. ಚರಕದ ಹೆಂಗಸರು, ಅವರೇ ಆಮೇಲೆ ಹೇಳಿದ ಹಾಗೆ, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಗೂಡಿನ ಬಾಣಲೆಗೆ ಬಗ್ಗಿದರು. ಎರ್ರಪ್ಪ ಬಗ್ಗಿ ಆ ತುತ್ತನ್ನು ಬಾಯಿಗೆ ತೆಗೆದುಕೊಂಡ. ಅಗಿದ. ನುಂಗಿದ. ಓಬಳಮ್ಮ ಕೈ ಒಳಕ್ಕೆ ಎಳೆದುಕೊಂಡು, ತೂತಿಗೆ ಕಣ್ಣಿಟ್ಟು ಅವನ ಗಂಟಲು ನೋಡಿ, ಉಣ್ಣತೊಡಗಿದಳು.

"ಉಪ್ಪು ಕಮ್ಮಿ," ಅಂದ ಎರ್ರಪ್ಪ ಆಚೆಯಿಂದ, ಮೆಲ್ಲಗೆ.

"ನಾಳೆ ಬಾ, ಸರಿ ಮಾಡಿರ್ತೀನಿ," ಅಂದಳು ಮಂಗಮ್ಮ.

ಅವನು ಕೊನೆಯ ಇಟ್ಟಿಗೆ ಇಟ್ಟ. ಬೆಳಕು ಹೋಯಿತು. ಮಂಗಮ್ಮ ಕತ್ತಲೆಯಲ್ಲೇ ಕೈಯಾಡಿಸಿ ಗೋಡೆ ತಡವಿ ನೋಡಿದಳು. ಸುತ್ತೆಲ್ಲ ಸಿಮೆಂಟು ಹಸಿಯಾಗಿ ಬೆರಳಿಗೆ ಅಂಟಿತು. ನಡುವಿನ ಆ ಒಂದು ಇಟ್ಟಿಗೆಯ ಸಂದಿಗೆ ಮಾತ್ರ ಸಿಮೆಂಟು ಬಿದ್ದಿರಲಿಲ್ಲ. ತಳ್ಳಿದರೆ ಅಲ್ಲಾಡುತ್ತಿತ್ತು.